ಇವತ್ತು ಯಾವ ಕೂಗು?

ಕೇಳುಗರಿಗೆ ನಮಸ್ಕಾರ. ರೊಟ್ಟಿ ಬಡಿಯುತ್ತಾ ಕೇಳುತ್ತಿರುವ ಅಕ್ಕಂದಿರು, ಹೊಲದಲ್ಲಿ ಫೋನಿನಲ್ಲೇ ರೇಡಿಯೋ ಹಚ್ಚಿಕೊಂಡಿರುವ ಅಣ್ಣಂದಿರು, ಹಾಸ್ಟೆಲ್ ಹುಡುಗರು, ಎಲ್ಲರಿಗೂ.

ನಾನು ರಾಯಚೂರಿನಲ್ಲಿ ಎಂಜಿನಿಯರಿಂಗ್ ಮಕ್ಕಳಿಗೆ ವೈರ್‌ಲೆಸ್ ಪಾಠ ಹೇಳುತ್ತೇನೆ. ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಸ್ಪೀಡ್ ಎಷ್ಟು ಬರುತ್ತದೆ?" ಅಂದರೆ ಟವರ್‌ನಿಂದ ಫೋನಿಗೆ ಬರುವ ಸ್ಪೀಡ್. ಫೋನಿನಿಂದ ಟವರ್‌ಗೆ ಏನು ಹೋಗುತ್ತದೆ ಅಂತ ಒಬ್ಬರಾದರೂ ಕೇಳಬೇಕಲ್ವಾ? ಯಾರೂ ಕೇಳುವುದಿಲ್ಲ. ಅದಕ್ಕೇ ಇವತ್ತು ನಾನೇ ಹೇಳುತ್ತೇನೆ.

ನೀವು ನೋಡುವ ವಿಡಿಯೋ ಇಡಿಯಾಗಿ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಬಂದ ತುಂಡಿಗೆಲ್ಲ ಫೋನು ಉತ್ತರ ಕೊಡಬೇಕು. "ಮುಟ್ಟಿತು" ಅನ್ನಬೇಕು, ಇಲ್ಲವೇ "ಕೆಟ್ಟಿದೆ, ಇನ್ನೊಮ್ಮೆ ಕಳಿಸು" ಅನ್ನಬೇಕು. ನಮ್ಮ ಎಂಜಿನಿಯರ್‌ಗಳ ಭಾಷೆಯಲ್ಲಿ ಮೊದಲನೆಯದು ಆಕ್, ಎರಡನೆಯದು ನ್ಯಾಕ್. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ. ಫೋನಿನ ದನಿಯೋ, ಸಾಮಾನ್ಯವಾಗಿ ಎಷ್ಟೇ ಜೋರು ಮಾಡಿದರೂ 0.2 ವ್ಯಾಟ್. ಅಷ್ಟು ಸಣ್ಣ ದನಿಯಲ್ಲಿ, ಚಿಕ್ಕ ಬ್ಯಾಟರಿಯಲ್ಲಿ, ಸಾವಿರಾರು ಸಲ "ಮುಟ್ಟಿತು, ಮುಟ್ಟಿತು" ಅನ್ನಬೇಕು. ಹಾಗಾಗಿ ಉತ್ತರ ಚಿಕ್ಕದಿರಬೇಕು. ಎಷ್ಟು ಚಿಕ್ಕದು ಅನ್ನೋದನ್ನು ಹೊತ್ತು ನೋಡಿ ಬದಲಿಸಬೇಕು. ನಾನು ಹೇಳಬೇಕಾದದ್ದು ಇಷ್ಟೇ.

ಇದನ್ನು ನಾನು ಮೊದಲು ಕಲಿತದ್ದು ಕಾಲೇಜಿನಲ್ಲಲ್ಲ, ನಮ್ಮ ಗಂಜ್‌ನಲ್ಲಿ. ಅಪ್ಪ ಅಲ್ಲಿ ಒಂದು ಅಡತಿ ಅಂಗಡಿಯ ಗುಮಾಸ್ತ. ಭತ್ತದ ಲಾರಿ ಬಂದರೆ ಅಪ್ಪ ಲಾರಿ ಹತ್ತಿರ ಪುಸ್ತಕ ಹಿಡಿದು ನಿಲ್ಲುತ್ತಿದ್ದರು. ಗೋದಾಮಿನ ಒಳಗೆ ಇನ್ನೊಬ್ಬ ಗುಮಾಸ್ತರು. ಅವರನ್ನು ನಾವು ಕಾಕಾ ಅನ್ನುತ್ತಿದ್ದೆವು. ಹಮಾಲರು ಚೀಲ ತಂದು ಹಾಕಿದ ಹಾಗೆ ಕಾಕಾ ಒಳಗಿಂದ ಕೂಗಬೇಕು: "ಒಂದು ಬಂತು, ಎರಡು ಬಂತು." ಕಾಕಾನ ದನಿ ತೆಳು. ಮಧ್ಯಾಹ್ನಕ್ಕೆಲ್ಲ ಗಂಟಲು ಕಟ್ಟುತ್ತಿತ್ತು. ಪಕ್ಕದ ಅಂಗಡಿಯ ಕೂಗೂ ಸೇರಿ, ಯಾವ "ಬಂತು" ಯಾರದು ಅಂತ ಅಪ್ಪನಿಗೆ ತಿಳಿಯುತ್ತಿರಲಿಲ್ಲ.

ಅಪ್ಪ ಒಂದು ಕಟ್ಟಳೆ ಮಾಡಿದರು. ಹತ್ತು ಚೀಲಕ್ಕೆ ಒಂದೇ ಕೂಗು. ಎಲ್ಲ ಚೆನ್ನಾಗಿದ್ದರೆ "ಹತ್ತೂ ಸರಿ". ಒಂದು ಹರಿದಿದ್ದರೂ, ತೊಯ್ದಿದ್ದರೂ "ಹತ್ತು ವಾಪಸ್". ಬೇಸಿಗೆ ಪೂರ್ತಿ ಇದು ಬಹಳ ಚೆನ್ನಾಗಿ ನಡೆಯಿತು. ಕಾಕಾನ ಗಂಟಲು ಉಳಿಯಿತು.

ದೀಪಾವಳಿ ಆದ ಮೇಲೆ ಅಕಾಲದ ಮಳೆ ಹಿಡಿಯಿತು. ಹತ್ತು ಚೀಲದಲ್ಲಿ ಎರಡಾದರೂ ತೊಯ್ದೇ ಬರುತ್ತಿದ್ದವು. ಸಲ ಸಲಕ್ಕೂ "ಹತ್ತು ವಾಪಸ್". ಯಾವುದು ಕೆಟ್ಟಿದೆ ಅಂತ ಹೊರಗಿದ್ದ ಅಪ್ಪನಿಗೆ ಗೊತ್ತಾಗುವುದಿಲ್ಲ. ಚೀಲಗಳು ಬೇರೆ ಬೇರೆ ರೈತರವು. ಹತ್ತನ್ನೂ ಹೊರಗೆ ತರಿಸಿಯೇ ನೋಡಬೇಕು. ಸಂಜೆಯ ಹೊತ್ತಿಗೆ ಹಿರಿಯ ಹಮಾಲರೊಬ್ಬರು ಚೀಲ ಇಳಿಸಿ ನಿಂತುಬಿಟ್ಟರು. "ಎರಡು ತೊಯ್ದರ ಹತ್ತೂ ಹೊರಬೇಕೇನ್ರೀ?" ಅಂದರು. ನಾನಾಗ ಏಳನೇ ಕ್ಲಾಸು, ಅಲ್ಲೇ ತಕ್ಕಡಿ ಪಕ್ಕ ಕೂತಿದ್ದೆ. ಅವರ ಬೆನ್ನಿನಿಂದ ನೀರು ಇಳಿಯುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಪ್ಪ ಅವತ್ತೇ ಕಟ್ಟಳೆ ಬದಲಿಸಿದರು. ಒಣ ದಿನ ಹತ್ತಕ್ಕೊಂದು ಕೂಗು. ಅಲ್ಲೊಂದು ಇಲ್ಲೊಂದು ಕೆಡುತ್ತಿದ್ದರೆ, ಕೆಟ್ಟದ್ದರ ನಂಬರ್ ಮಾತ್ರ: "ನಾಲ್ಕು ಬಿಟ್ಟು ಎಲ್ಲ ಸರಿ." ಜೋರು ಮಳೆ ಇದ್ದರೆ ಮೊದಲಿನಂತೆ ಒಂದೊಂದಕ್ಕೂ. ಬೆಳಿಗ್ಗೆ ಶಟರ್ ಎತ್ತುವಾಗಲೇ ಕಾಕಾ ಆಕಾಶ ನೋಡಿ ಕೇಳುತ್ತಿದ್ದರು: "ಇವತ್ತು ಯಾವ ಕೂಗು?" ಆ ಮಾತು ಇಬ್ಬರಿಗೂ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಒಬ್ಬರು ಹತ್ತು ಅಂದದ್ದು ಇನ್ನೊಬ್ಬರಿಗೆ ಒಂದಾಗುತ್ತದೆ.

ಫೋನಿನಲ್ಲಿ ನಡೆಯುವುದು ಇದೇ. 4ಜಿಯಲ್ಲಿ ಹಲವು ತುಂಡಿಗೆ ಒಂದೇ ಉತ್ತರ ಕೊಡುವ ಪದ್ಧತಿ ಇದೆ, ಅದಕ್ಕೆ ಬಂಡ್ಲಿಂಗ್ ಅನ್ನುತ್ತಾರೆ. ಅಪ್ಪನ "ಹತ್ತು ವಾಪಸ್" ಅದೇ. ಒಂದು ಕೆಟ್ಟರೆ ಎಲ್ಲವೂ ಮತ್ತೆ ಬರಬೇಕು. ವೈಫೈನಲ್ಲಿ ಬ್ಲಾಕ್ ಆಕ್ ಅಂತ 2005ರಲ್ಲಿ ಬಂತು. 64 ಪ್ಯಾಕೆಟ್‌ಗೆ, ಅಂದರೆ 64 ತುಂಡಿಗೆ, ಒಂದೇ ಚೀಟಿ. ಮುಂದೆ ಬಂದ ಚಿಕ್ಕ ಚೀಟಿಯಲ್ಲಿ 64 ಮನೆ, ಮುಟ್ಟಿದ್ದಕ್ಕೆ 1, ಮುಟ್ಟದ್ದಕ್ಕೆ 0. ವೈಫೈ 6ರಲ್ಲಿ ಮನೆಗಳು 256ರವರೆಗೆ ಹೋಗುತ್ತವೆ.

ಇದಕ್ಕಿಂತಲೂ ಕುಗ್ಗಿಸಬಹುದಾ? ಲೆಕ್ಕ 1948ರಲ್ಲೇ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಕೊಟ್ಟುಬಿಟ್ಟಿದ್ದಾರೆ. ನೂರಕ್ಕೆ ಒಂದು ತುಂಡು ಕೆಡುತ್ತಿದ್ದರೆ, 100 ಉತ್ತರಗಳನ್ನು ಸರಾಸರಿ ಸುಮಾರು 8 ಬಿಟ್‌ನಲ್ಲಿ, ಅಂದರೆ 1 ಇಲ್ಲವೇ 0 ಬರೆಯುವ ಎಂಟು ಮನೆಯಲ್ಲಿ, ಹೇಳಬಹುದು. ನೂರಕ್ಕೆ ಹತ್ತು ಕೆಟ್ಟರೆ ಸುಮಾರು 47 ಬಿಟ್ ಬೇಕು. ಅರ್ಧಕ್ಕರ್ಧ ಕೆಟ್ಟರೆ ಪೂರಾ 100 ಬಿಟ್, ಒಂದನ್ನೂ ಉಳಿಸಲಾಗದು. ಎಂಟು, ನಲವತ್ತೇಳು, ನೂರು. ಎಷ್ಟು ಚಂದದ ಲೆಕ್ಕ ನೋಡಿ! ಒಣ ದಿನಕ್ಕೊಂದು ಕೂಗು, ಮಳೆ ದಿನಕ್ಕೊಂದು ಕೂಗು ಅಂತ ಅಪ್ಪ ಅಂದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಗಂಜ್‌ನ ಮಾತಿನಲ್ಲೇ ಹೊತ್ತು ಹೋಯಿತು. ಎರಡು ತುಂಡಿಗೆ ಒಂದು ಉತ್ತರ ಸಾಕು ಅನ್ನೋದು 1989ರ ಇಂಟರ್‌ನೆಟ್ ನಿಯಮದಲ್ಲೂ ಇದೆ, ಅದನ್ನು ಬಿಡಿಸಿ ಹೇಳಲು ಈಗ ಸಮಯವಿಲ್ಲ. ಒಂದು ಕೆಲಸ ಮಾತ್ರ ಮಾಡಿ ನೋಡಿ. ಮನೆಯಲ್ಲಿ ಒಂದೇ ಹಾಟ್‌ಸ್ಪಾಟ್‌ಗೆ ಇಬ್ಬರು ಸೇರಿರಿ. ಮಗ ಮದುವೆ ವಿಡಿಯೋ ಮೇಲಕ್ಕೆ ಕಳಿಸುತ್ತಿರಲಿ, ಅದೇ ಹೊತ್ತಿಗೆ ನೀವು ಏನಾದರೂ ಡೌನ್‌ಲೋಡ್ ಹಚ್ಚಿ. ನಿಮ್ಮದು ಸುಮ್ನೆ ತೆವಳಬಹುದು. ಬರುವ ದಾರಿ ಖಾಲಿಯೇ ಇರುತ್ತದೆ. ನಿಮ್ಮ "ಮುಟ್ಟಿತು"ಗಳು ಆ ಮದುವೆ ವಿಡಿಯೋದ ಹಿಂದೆ ಸಾಲು ನಿಂತಿರುತ್ತವೆ. ಮಗನ ವಿಡಿಯೋ ಮುಗಿದ ಗಳಿಗೆಯಲ್ಲಿ ಸ್ಪೀಡ್ ನೋಡಿ.

ನಮಸ್ಕಾರ.