ಚಂದ್ರ ಯಾರದೂ ಅಲ್ಲವಂತೆ, ಅಗೆದದ್ದು ಮಾತ್ರ ಅವರದಂತೆ

ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ಒಬ್ಬ ಮಹನೀಯರು ಹೀಗೆ ಬರೆದಿದ್ದಾರೆ: ‘ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಏಕೆ? ತಾಕತ್ತು ಇದ್ದವರು ಚಂದ್ರನ ಮೇಲೆ ಇಳಿಯುತ್ತಾರೆ, ಅಗೆಯುತ್ತಾರೆ, ಮಾರುತ್ತಾರೆ. ಕೈಲಾಗದವರು ಮೈ ಪರಚಿಕೊಳ್ಳುತ್ತಾರೆ.’ ಒಂದೇ ಉಸಿರಿಗೆ ಎರಡು ಗಾದೆ! ಈ ಪ್ರತಿಕ್ರಿಯೆಗೆ ಬಿದ್ದಷ್ಟು ಮೆಚ್ಚುಗೆ ನನ್ನ ಇಡೀ ವಿಡಿಯೊಗೆ ಬಿದ್ದಿಲ್ಲ. ಆ ಹೊಟ್ಟೆಯುರಿಯೂ ಇಂದಿನ ಸಂಚಿಕೆಗೆ ಒಂದು ಕಾರಣ ಎಂದೇ ಇಟ್ಟುಕೊಳ್ಳಿ.

ಸ್ವಾಮಿ, ಆ ಗಾದೆ ಬೊಗಸೆಯಲ್ಲಿ ನೀರು ಕುಡಿಯುವವನ ಪರವಾಗಿ ಹುಟ್ಟಿದ್ದು. ಹೊಳೆಗೆ ಟ್ಯಾಂಕರ್ ಇಳಿಸಿ, ಪೈಪು ಹಾಕಿ, ಸುತ್ತ ಬೇಲಿ ಬಿಗಿಯುವವನ ಪರವಾಗಿ ಅಲ್ಲ.

ಈಗ ಕಾನೂನಿಗೆ ಬರುತ್ತೇನೆ, ಓಡಿಹೋಗಬೇಡಿ. 1967ರ ಬಾಹ್ಯಾಕಾಶ ಒಪ್ಪಂದದ ಎರಡನೆಯ ವಿಧಿ ಹೇಳುವುದಿಷ್ಟು: ಚಂದ್ರನೂ ಸೇರಿದಂತೆ ಯಾವ ಆಕಾಶಕಾಯವನ್ನೂ ಯಾವ ದೇಶವೂ ತನ್ನದೆಂದು ಸಾರುವಂತಿಲ್ಲ, ಬಳಸಿದೆ ಎಂದೋ, ಬೀಡುಬಿಟ್ಟಿದ್ದೇನೆ ಎಂದೋ ಹಕ್ಕು ಸ್ಥಾಪಿಸುವಂತಿಲ್ಲ. ಅಮೆರಿಕ ಒಪ್ಪಿತು, ಸೋವಿಯತ್ ಒಪ್ಪಿತು, ನಾವೂ ಒಪ್ಪಿದೆವು. ಮುಂದೆ 2015ರ ನವೆಂಬರ್‌ನಲ್ಲಿ ಒಬಾಮ ಒಂದು ಕಾಯಿದೆಗೆ ಸಹಿ ಹಾಕಿದರು. ಕ್ಷುದ್ರಗ್ರಹದಿಂದಲೋ ಚಂದ್ರನಿಂದಲೋ ಅಮೆರಿಕದ ಪ್ರಜೆ ಏನನ್ನಾದರೂ ತೆಗೆದರೆ ಅದು ಅವನ ಸೊತ್ತು ಎಂದಿತು ಆ ಕಾಯಿದೆ. ಅದರಲ್ಲೇ ಮುಂದೆ ಇನ್ನೊಂದು ಮಾತೂ ಇದೆ: ನಾವು ಯಾವ ಆಕಾಶಕಾಯದ ಮೇಲೂ ಸಾರ್ವಭೌಮತ್ವ ಸಾಧಿಸುತ್ತಿಲ್ಲ.

ಅರ್ಥವಾಯಿತೇ? ನೆಲ ಯಾರದೂ ಅಲ್ಲ, ಅಗೆದದ್ದು ಮಾತ್ರ ನನ್ನದು. ಇಂದು ನಾನು ಹೇಳುವುದು ಇದೊಂದೇ ಮಾತು. ಬೇಸರ ಬರುವವರೆಗೂ ಹೇಳುತ್ತೇನೆ.

ಈ ಚಮತ್ಕಾರ ನೋಡಿ ಉಳಿದವರಿಗೂ ಬಾಯಲ್ಲಿ ನೀರೂರಿತು. 2017ರಲ್ಲಿ ಲಕ್ಸೆಂಬರ್ಗ್ ಇಂಥದೇ ಕಾಯಿದೆ ತಂದಿತು. ನಮ್ಮ ಕೊಡಗಿಗಿಂತ ಚಿಕ್ಕ ದೇಶ ಅದು. ತನ್ನ ನೆಲದಲ್ಲಿ ಅಗೆಯಲು ಜಾಗವಿಲ್ಲ, ಆಕಾಶದಲ್ಲಿ ಅಗೆಯಲು ಪರವಾನಗಿ ಹಂಚುತ್ತದೆ. 2019ರಲ್ಲಿ ಸಂಯುಕ್ತ ಅರಬ್ ಸಂಸ್ಥಾನ, 2021ರಲ್ಲಿ ಜಪಾನ್. ಇವರೆಲ್ಲರಿಗಿಂತ ಮೊದಲು, 1980ರಿಂದಲೇ, ಡೆನಿಸ್ ಹೋಪ್ ಎಂಬ ಅಮೆರಿಕದ ಆಸಾಮಿ ಚಂದ್ರನ ಎಕರೆಗಳನ್ನು ಪ್ರಮಾಣಪತ್ರ ಸಮೇತ ಮಾರುತ್ತಿದ್ದಾನೆ. ಅವನನ್ನು ಎಲ್ಲರೂ ಹುಚ್ಚ ಎಂದರು. ಪಾಪ, ಅವನ ತಪ್ಪು ಇಷ್ಟೇ: ನೆಲ ಮಾರಿದ. ಮಣ್ಣು ಮಾರುತ್ತೇನೆ ಎಂದಿದ್ದರೆ ದಾರ್ಶನಿಕ ಎನಿಸಿಕೊಳ್ಳುತ್ತಿದ್ದ.

ಮಣ್ಣು ಎಂದಾಗ ನೆನಪಾಯಿತು. 2020ರಲ್ಲಿ ನಾಸಾ ಒಂದು ವಿಚಿತ್ರ ಖರೀದಿಗೆ ಕೈಹಾಕಿತು. ಖಾಸಗಿ ಕಂಪನಿಗಳು ಚಂದ್ರನ ಮೇಲೆ ಒಂದಿಷ್ಟು ಮಣ್ಣು ಕೆರೆದು, ಅಲ್ಲೇ ಬಿಟ್ಟು, ‘ಇದು ಈಗ ನಿಮ್ಮದು’ ಎಂದರೆ ಸಾಕು. ಲೂನಾರ್ ಔಟ್‌ಪೋಸ್ಟ್ ಎಂಬ ಕಂಪನಿ ಇದಕ್ಕೆ ಕೂಗಿದ ಬೆಲೆ ಒಂದು ಡಾಲರ್. ಮುಂಗಡವಾಗಿ ಶೇಕಡ ಹತ್ತು, ಅಂದರೆ ಹತ್ತು ಸೆಂಟ್‌ಗೆ ಸರ್ಕಾರಿ ಚೆಕ್ಕು. ನಗಬೇಡಿ. ನಾಸಾಗೆ ಬೇಕಿದ್ದದ್ದು ಮಣ್ಣಲ್ಲ, ರಸೀದಿ. ಮಾರುವವನೊಬ್ಬ, ಕೊಳ್ಳುವವನೊಬ್ಬ, ನಡುವೆ ಒಂದು ಬೆಲೆ. ಅಲ್ಲಿಗೆ ಒಡೆತನಕ್ಕೆ ಒಂದು ಪೂರ್ವನಿದರ್ಶನ ಸಿದ್ಧ. ನಾಳೆ ನ್ಯಾಯಾಲಯದಲ್ಲಿ ‘ಇದು ಹಿಂದೆಯೂ ನಡೆದಿದೆ’ ಎನ್ನಬಹುದು. ಹತ್ತು ಸೆಂಟ್‌ಗೆ ಇಷ್ಟು ದೊಡ್ಡ ಬಾಗಿಲು ಇನ್ನೆಲ್ಲೂ ತೆರೆಯುವುದಿಲ್ಲ.

(ಇಲ್ಲಿ ಒಂದು ಜಾಹೀರಾತು, ಅದೂ ನಮ್ಮದೇ. ‘ನೆಲ ಯಾರದೂ ಅಲ್ಲ’ ಎಂದು ಬರೆದಿರುವ ಕಾಫಿ ಲೋಟ ನಮ್ಮ ಅಂಗಡಿಯಲ್ಲಿದೆ. ಲೋಟ ಯಾರದೂ ಅಲ್ಲ, ಹಣ ಮಾತ್ರ ನನ್ನದು.)

ಪಂಡಿತರು ಇದಕ್ಕೊಂದು ಸಮರ್ಥನೆ ಇಟ್ಟುಕೊಂಡಿದ್ದಾರೆ. ನಡುಗಡಲು ಯಾವ ದೇಶದ್ದೂ ಅಲ್ಲ, ಆದರೆ ಅಲ್ಲಿ ಹಿಡಿದ ಮೀನು ಬೆಸ್ತನದೇ ಅಲ್ಲವೇ ಎನ್ನುತ್ತಾರೆ. ಭಲೇ! ಮೀನು ಮರಿ ಹಾಕುತ್ತದೆ ಸ್ವಾಮಿ, ಚಂದ್ರನ ಮಂಜುಗಡ್ಡೆ ಮರಿ ಹಾಕುತ್ತದೆಯೇ? ದಕ್ಷಿಣ ಧ್ರುವದ ಶ್ಯಾಕಲ್ಟನ್ ಕುಳಿಯನ್ನೇ ನೋಡಿ. ಸುಮಾರು 21 ಕಿಲೋಮೀಟರ್ ಅಗಲ, ನಾಲ್ಕು ಕಿಲೋಮೀಟರ್ ಆಳ. ತಳಕ್ಕೆ ಕೋಟ್ಯಂತರ ವರ್ಷಗಳಿಂದ ಬಿಸಿಲು ಮುಟ್ಟಿಲ್ಲ. ಸೊನ್ನೆಗಿಂತ 180 ಡಿಗ್ರಿ ಕೆಳಗಿನ ಚಳಿ. ಇಂಥ ಕತ್ತಲ ಕುಳಿಗಳಲ್ಲೇ ನೀರ್ಗಲ್ಲು ಕೂತಿರುವುದು. ಕುಳಿಯ ಅಂಚಿನ ಕೆಲವೇ ಕೆಲವು ದಿಬ್ಬಗಳಿಗೆ ಮಾತ್ರ ವರ್ಷದ ಹೆಚ್ಚು ಕಾಲ ಬಿಸಿಲು. ನೀರನ್ನು ಒಡೆದರೆ ಜಲಜನಕ, ಆಮ್ಲಜನಕ, ಅಂದರೆ ರಾಕೆಟ್ ಇಂಧನ. ಒಡೆಯಲು ಬೇಕಾದ ವಿದ್ಯುತ್ತು ಆ ದಿಬ್ಬಗಳ ಸೌರಫಲಕದಿಂದ. ಆದ್ದರಿಂದ ‘ಚಂದ್ರ ಅಷ್ಟು ದೊಡ್ಡವನು, ಎಲ್ಲರಿಗೂ ಜಾಗವಿದೆ’ ಎನ್ನುವವರು ದಯವಿಟ್ಟು ನಕ್ಷೆ ನೋಡಿ. ಜಗಳ ಇಡೀ ಚಂದ್ರನಿಗಲ್ಲ, ಬೆರಳೆಣಿಕೆಯ ದಿಬ್ಬಗಳಿಗೆ. ಮೊದಲು ಹೋದವನು ಅಲ್ಲಿ ಯಂತ್ರ ಇಟ್ಟು ಕೂತರೆ, ಹಿಂದೆ ಬಂದವನು ಕತ್ತಲಲ್ಲಿ ಕೂರಬೇಕು.

ಕೂರುವುದಕ್ಕೂ ಬಿಡುವುದಿಲ್ಲ. ಚಂದ್ರನ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂದು ಅಮೆರಿಕದ ಮುಂದಾಳತ್ವದಲ್ಲಿ ದೇಶಗಳು ಮಾಡಿಕೊಂಡ 2020ರ ಆರ್ಟೆಮಿಸ್ ಒಡಂಬಡಿಕೆಯಲ್ಲಿ ‘ಸುರಕ್ಷತಾ ವಲಯ’ ಎಂಬುದಿದೆ. ನಾನು ಕೆಲಸ ಮಾಡುವ ಕಡೆ ನೀನು ಹೇಳಿ ಕೇಳಿ ಬಾ, ಯಂತ್ರಕ್ಕೆ ಧೂಳು ಬಡಿದೀತು. ಧೂಳಿನ ಮಾತು ಸುಳ್ಳಲ್ಲ, ಗಾಳಿಯಿಲ್ಲದ ಕಡೆ ರಾಕೆಟ್ ಇಳಿದರೆ ಕಣಗಳು ಗುಂಡಿನಂತೆ ಸಿಡಿಯುತ್ತವೆ. ಆದರೆ ಬೇಲಿ ಹಾಕಿದವರು ಯಾವ ಕಾಲದಲ್ಲಿ ‘ಒಡೆತನಕ್ಕಾಗಿ’ ಎಂದು ಹೇಳಿ ಹಾಕಿದ್ದಾರೆ? ದನ ನುಗ್ಗೀತು ಎಂದೇ ಹಾಕುವುದು. ಅದೇ ದಾಖಲೆಯ ಹತ್ತನೆಯ ಭಾಗ ಹೇಳುತ್ತದೆ: ಸಂಪನ್ಮೂಲ ತೆಗೆದ ಮಾತ್ರಕ್ಕೆ ಅದು 1967ರ ಎರಡನೆಯ ವಿಧಿಯ ಉಲ್ಲಂಘನೆ ಆಗುವುದಿಲ್ಲ. ನೆಲ ಯಾರದೂ ಅಲ್ಲ, ಅಗೆದದ್ದು ಮಾತ್ರ ನನ್ನದು, ಅಗೆಯುವಾಗ ಹತ್ತಿರ ಬರಬೇಡ! ಇದಕ್ಕೆ ಐವತ್ತಕ್ಕೂ ಹೆಚ್ಚು ದೇಶಗಳ ಸಹಿ ಬಿದ್ದಿದೆ. 2023ರ ಜೂನ್‌ನಲ್ಲಿ ನಮ್ಮದೂ ಬಿತ್ತು.

ನಮ್ಮ ಕಥೆಯೇ ಸ್ವಾರಸ್ಯ. ಚಂದ್ರ ಮನುಕುಲದ ಸಮಾನ ಆಸ್ತಿ ಎಂದ 1979ರ ಚಂದ್ರ ಒಪ್ಪಂದಕ್ಕೆ ಭಾರತ 1982ರಲ್ಲಿ ಸಹಿ ಹಾಕಿತು, ಸ್ಥಿರೀಕರಿಸದೆ, ಅಂದರೆ ಅದಕ್ಕೆ ಕಟ್ಟುಬೀಳದೆ, ಕಪಾಟಿನಲ್ಲಿ ಇಟ್ಟಿತು. 2008ರಲ್ಲಿ ಹೋದ ಚಂದ್ರಯಾನ-1ರ ಮೇಲಿದ್ದ ನಾಸಾ ಉಪಕರಣ ಅಲ್ಲಿ ನೀರಿನ ಗುರುತು ಹಿಡಿಯಿತು, ಕುಣಿದೆವು. ನಾನೂ ಕುಣಿದೆ. 2023ರ ಏಪ್ರಿಲ್‌ನಲ್ಲಿ ಬಂದ ಭಾರತೀಯ ಬಾಹ್ಯಾಕಾಶ ನೀತಿಯನ್ನು ಓದಿದ್ದೀರಾ? ಖಾಸಗಿಯವರು ಬಾಹ್ಯಾಕಾಶದಲ್ಲಿ ಪಡೆದ ಸಂಪನ್ಮೂಲವನ್ನು ಹೊಂದಬಹುದು, ಒಡೆತನ ಪಡೆಯಬಹುದು, ಸಾಗಿಸಬಹುದು, ಬಳಸಬಹುದು, ಮಾರಬಹುದು ಎಂದಿದೆ. ಅಮೆರಿಕದ 2015ರ ಕಾಯಿದೆಯನ್ನು ಪಕ್ಕದಲ್ಲಿಟ್ಟು ನೋಡಿ: ಅದೇ ಐದು ಹಕ್ಕುಗಳು, ಅದೇ ಕ್ರಮದಲ್ಲಿ. ಪರೀಕ್ಷೆಯಲ್ಲಿ ನಕಲು ಹೊಡೆಯುವ ಹುಡುಗರಾದರೂ ಒಂದೆರಡು ಸಾಲು ಹಿಂದು ಮುಂದು ಮಾಡುತ್ತಾರೆ. ಅವರದು ಕಾಯಿದೆ, ನಮ್ಮದು ಸಂಪುಟದ ಒಪ್ಪಿಗೆ ಪಡೆದ ನೀತಿ. ಇಷ್ಟು ದೊಡ್ಡ ಹಕ್ಕನ್ನು ಕೊಡಲು ಸಂಸತ್ತಿನ ಕಾಯಿದೆಯೂ ಬೇಡವಾಯಿತು.

ಇದೇ ಭಾರತ ಸಮುದ್ರತಳದ ವಿಷಯದಲ್ಲಿ ಹೇಗಿದೆ? ಹಿಂದೂ ಮಹಾಸಾಗರದ ತಳದ ಲೋಹದ ಗಂಟುಗಳನ್ನು ಹುಡುಕಲು ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಪ್ರಾಧಿಕಾರದ ಮುಂದೆ ಅರ್ಜಿ ಹಿಡಿದು ನಿಂತು, 75,000 ಚದರ ಕಿಲೋಮೀಟರ್‌ಗೆ ಗುತ್ತಿಗೆ ಪಡೆದಿದೆ. ಅಂದರೆ ಎಲ್ಲರದ್ದನ್ನು ಎಲ್ಲರನ್ನೂ ಕೇಳಿ ಅಗೆಯುವ ವ್ಯವಸ್ಥೆ ಭೂಮಿಯ ಮೇಲೆ ಇದೆ. ಅಂಟಾರ್ಕ್ಟಿಕಾದಲ್ಲಿ 1991ರ ಮ್ಯಾಡ್ರಿಡ್ ಒಪ್ಪಂದ ಗಣಿಗಾರಿಕೆಯನ್ನೇ ನಿಷೇಧಿಸಿತು. ಆಗದ ಮಾತು, ಕನಸು, ಸಮಾಜವಾದ ಎಂದೆಲ್ಲ ಬರೆಯಬೇಡಿ. ಆಗಿದೆ.

‘ಹಾಗಾದರೆ ಹಣ ಹೂಡಿದವರ ಗತಿ?’ ಅಯ್ಯೋ, ಕಣ್ಣೀರು ಬರುತ್ತಿದೆ. ಕ್ಷುದ್ರಗ್ರಹ ಅಗೆಯಲು ಹೊರಟ ಪ್ಲಾನೆಟರಿ ರಿಸೋರ್ಸಸ್ 2018ರಲ್ಲಿ ಬ್ಲಾಕ್‌ಚೈನ್ ಕಂಪನಿಯೊಂದರ ಕೈಸೇರಿತು. ಅದರಲ್ಲಿ ಲಕ್ಸೆಂಬರ್ಗ್ ಸರ್ಕಾರ ಇಟ್ಟಿದ್ದ ಸುಮಾರು 1.2 ಕೋಟಿ ಯೂರೊ ಮುಳುಗಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ‘ಬೆನ್ನು’ ಎಂಬ ಹೆಸರಿನ ಕ್ಷುದ್ರಗ್ರಹದಿಂದ ನಾಸಾ 2023ರಲ್ಲಿ ತಂದದ್ದು 121.6 ಗ್ರಾಂ, ಖರ್ಚು ನೂರು ಕೋಟಿ ಡಾಲರಿಗೂ ಮೇಲೆ. ಸೈಕಿ ಎಂಬ ಲೋಹದ ಕ್ಷುದ್ರಗ್ರಹದ ಬೆಲೆ ಒಂದರ ಮುಂದೆ ಹತ್ತೊಂಬತ್ತು ಸೊನ್ನೆಯಷ್ಟು ಡಾಲರ್ ಎಂದು ಪತ್ರಿಕೆಗಳು ಬರೆದವು. ಅಷ್ಟು ಕಬ್ಬಿಣವನ್ನು ಸಂತೆಗೆ ತಂದರೆ ಗುಜರಿಯವನೂ ತೂಗಿಸಿಕೊಳ್ಳುವುದಿಲ್ಲ. ಆಗ ಪ್ರಶ್ನೆ ಏಳುತ್ತದೆ: ಇಂದು ಲಾಭವೇ ಇಲ್ಲದ ಗಣಿಗೆ ಇಷ್ಟು ಅವಸರದ ಹಕ್ಕುಪತ್ರ ಏಕೆ? ಲಾಭ ಬರುವ ದಿನ ಯಾರೂ ಪಾಲು ಕೇಳಬಾರದು, ಅದಕ್ಕೆ!

ಕೋಲಾರದಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಅಗೆಯಿತು, ಮುಂದೆ ಸರ್ಕಾರ ಅಗೆಯಿತು, 2001ರಲ್ಲಿ ಮುಚ್ಚಿತು. ಚಿನ್ನ ಹೋಯಿತು. ಸಯನೈಡ್ ದಿಬ್ಬಗಳು ಹೋದವೇ? ಗಾಳಿಕಾಲದಲ್ಲಿ ಮಾರಿಕುಪ್ಪಂ ಕಡೆ ಹೋಗಿ, ಬಟ್ಟೆ ಒಣಹಾಕಿ ನೋಡಿ.

‘ಚಂದ್ರನ ಮೇಲೆ ಯಾರೂ ಇಲ್ಲ, ಯಾರಿಗೆ ನೋವು?’ ಎಂದೂ ಒಬ್ಬರು ಕೇಳಿದ್ದಾರೆ. 2024ರ ಜನವರಿಯಲ್ಲಿ ಪೆರೆಗ್ರಿನ್ ಎಂಬ ಖಾಸಗಿ ನೌಕೆ, ಹಣ ಕೊಟ್ಟವರ ಬಂಧುಗಳ ಚಿತಾಭಸ್ಮ ಹೊತ್ತು ಹೊರಟಾಗ, ಚಂದ್ರನನ್ನು ಪವಿತ್ರ ಎಂದು ಕಾಣುವ, ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನ ಬೇಡ ಎಂದರು. ಕೇಳಿದವರು ಯಾರು? ನೌಕೆಯೇ ಕೆಟ್ಟು ಪೆಸಿಫಿಕ್ ಸಾಗರದ ಮೇಲೆ ಸುಟ್ಟುಹೋಯಿತು, ಅದು ಬೇರೆ ಮಾತು. ಇದಕ್ಕೂ ‘ಮೂಢನಂಬಿಕೆ’ ಎಂದು ಬರೆಯುತ್ತೀರಿ, ಗೊತ್ತು. ಬರೆಯಿರಿ. ನಿಮ್ಮ ಬೈಗುಳವೂ ವೀಕ್ಷಣೆ ಹೆಚ್ಚಿಸುತ್ತದೆ.

ಇನ್ನೂ ಹೇಳಬೇಕೇ? ನೆಲ ಯಾರದೂ ಅಲ್ಲ, ಅಗೆದದ್ದು ಮಾತ್ರ... ಸರಿ, ಸರಿ, ಸಂಕಲನಕಾರ ಗಡಿಯಾರ ತೋರಿಸುತ್ತಿದ್ದಾನೆ. ಅವನೂ ಆ ಪ್ರತಿಕ್ರಿಯೆಗೆ ಮೆಚ್ಚುಗೆ ಒತ್ತಿದ್ದಾನೆ, ನನಗೆ ತಿಳಿಯದು ಎಂದುಕೊಂಡಿದ್ದಾನೆ. ಮುಂದಿನ ವಾರ ಭೂಸ್ಥಿರ ಕಕ್ಷೆಯ, ಅಂದರೆ ಉಪಗ್ರಹ ನೆಲದ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಕಕ್ಷೆಯ ಜಗಳ: 1976ರಲ್ಲಿ ಬೊಗೋಟಾದಲ್ಲಿ ಸೇರಿದ ಸಮಭಾಜಕ ವೃತ್ತದ ದೇಶಗಳು ‘ನಮ್ಮ ನೆತ್ತಿಯ ಮೇಲಿನ ಕಕ್ಷೆ ನಮ್ಮದು’ ಎಂದವು, ಶ್ರೀಮಂತರು ಹೊಟ್ಟೆ ಹಿಡಿದು ನಕ್ಕರು. ಚಂದಾದಾರರಾಗಿ, ಗಂಟೆ ಒತ್ತಿ. ಲೋಟ ಕೊಳ್ಳುವವರಿಗೆ ಸಾಗಣೆ ವೆಚ್ಚ ಪ್ರತ್ಯೇಕ.