ವರಟೆಯ ಹನ್ನೊಂದು ಮರಿ

ಕೇಳುಗರೇ, ನಮಸ್ಕಾರ.

ಕೊಡಗಿನ ಪೊನ್ನಂಪೇಟೆ ಹತ್ತಿರ ನಮ್ಮ ತೋಟದ ಕೆಳಗೆ ಒಂದು ಕೆರೆ ಇದೆ. ಅದರಾಚೆ ಭತ್ತದ ಗದ್ದೆ. ಹೋದ ವರ್ಷ ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ವಾರ, ಬೆಳಗಿನ ಮಂಜಿನಲ್ಲಿ ಒಂದು ವರಟೆ ಹನ್ನೊಂದು ಮರಿಗಳ ಜೊತೆ ಜೊಂಡಿನಿಂದ ಹೊರಗೆ ಬಂತು.

ವರಟೆ ನಮ್ಮಲ್ಲಿ ವರ್ಷವಿಡೀ ಇರುವ ಕಾಡುಬಾತು. ಕಪ್ಪು ಕೊಕ್ಕು, ಹಳದಿ ತುದಿ, ಬುಡದಲ್ಲಿ ಎರಡು ಕೆಂಪು ಚುಕ್ಕೆ. ತಲೆ ನೀರೊಳಗೆ, ಬಾಲ ಮೇಲಕ್ಕೆ, ಹಾಗೇ ತಲೆಕೆಳಗಾಗಿ ಕೆಸರು ಕೆದಕುತ್ತದೆ. ಕೊಕ್ಕಿನ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಸಾಲು ಇದೆ. ಕೆಸರುನೀರನ್ನು ಎಳೆದುಕೊಂಡು ಕೊಕ್ಕು ಪಟಪಟ ಆಡಿಸಿದರೆ ನೀರು ಪಕ್ಕದಿಂದ ಸೋರಿಹೋಗುತ್ತದೆ; ಬೀಜ, ಹುಳ, ಬಸವನಹುಳು ಒಳಗೇ ಉಳಿಯುತ್ತವೆ. ಕೊಯ್ಲಾದ ಗದ್ದೆಯಲ್ಲಿ ಉದುರಿದ ಭತ್ತ ಸಿಕ್ಕರಂತೂ ಹಬ್ಬ. ಅಗಿಯಲು ಹಲ್ಲಿಲ್ಲ ಅಲ್ವಾ? ಅದಕ್ಕೆ ಸಣ್ಣ ಕಲ್ಲು ನುಂಗುತ್ತದೆ. ಹೊಟ್ಟೆಯಲ್ಲಿ ಆ ಕಲ್ಲೇ ಕಾಳು ಅರೆಯುತ್ತದೆ.

ಮರಿಗಳಿಗೆ ಮೊದಮೊದಲು ಕಾಳು ಸಾಲದು, ಹುಳವೇ ಜಾಸ್ತಿ ಬೇಕು. ತಾಯಿ ಗುಟುಕು ಕೊಡುವುದಿಲ್ಲ. ತಾವೇ ಹಿಡಿದು ತಿನ್ನಬೇಕು. ಶುಂಠಿಗೆ ಹೊಡೆದ ಔಷಧಿ ಮಳೆಯಲ್ಲಿ ಕೆರೆಗಿಳಿದು ಹುಳ ಸತ್ತರೆ, ಮರಿಗಳಿಗೆ ಉಪವಾಸವೇ. ಔಷಧಿ ಹೊಡೆಯುವವರು ಕೆರೆಯ ಬದಿಯ ಒಂದೆರಡು ಸಾಲನ್ನಾದರೂ ಬಿಟ್ಟುಬಿಡಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನು ಹೊಂಚು ಹಾಕುವವರು. ಗೂಡು ಹುಲ್ಲಿನ ನಡುವೆ ನೆಲದ ಮೇಲೇ ಇರುವುದರಿಂದ ಮೊಟ್ಟೆಗೆ ಮುಂಗುಸಿ, ಉಡ, ಕಾಗೆಯ ಕಾಟ. ಮರಿಗಳಿಗೆ ಮೇಲಿಂದ ಗರುಡ, ರಾತ್ರಿ ಕಾಡುಬೆಕ್ಕು. ನಾನು ನೋಡುತ್ತಿದ್ದಂತೆಯೇ ಕೆರೆಯ ನಡುವೆ ಒಂದು ಮರಿ ಸುಮ್ನೆ ಮುಳುಗಿತು. ಮೇಲೆ ಬರಲೇ ಇಲ್ಲ. ನೀರಲ್ಲಿ ಒಂದು ಸುಳಿ, ಅಷ್ಟೆ. ದೊಡ್ಡ ಕೊರವ ಮೀನು ಇರಬೇಕು. ಇನ್ನೊಂದು ದಿನ ನಾಯಿ ನುಗ್ಗಿತು. ತಾಯಿ ರೆಕ್ಕೆ ಮುರಿದವಳಂತೆ ನೀರು ಬಡಿಯುತ್ತಾ ನಾಯಿಯನ್ನು ಆಚೆ ದಡಕ್ಕೆ ಎಳೆದೊಯ್ದಿತು. ಅಷ್ಟರಲ್ಲಿ ಮರಿಗಳು ಜೊಂಡು ಸೇರಿದ್ದವು. ನನಗೆ ಕಣ್ಣು ತುಂಬಿ ಬಂತು. ಮನುಷ್ಯರ ಮಾತೂ ಹೇಳಬೇಕು: ಮನೆಯಲ್ಲಿ ಕೋವಿ ಇದ್ದರೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಬಾತು ಹೊಡೆಯುವಂತಿಲ್ಲ.

ಆ ತಿಂಗಳು ಕೆರೆ ಚೊಕ್ಕ ಮಾಡಿಸಿ, ಜೊಂಡು ಕೀಳಿಸಬೇಕು ಅಂತ ಮನೆಯಲ್ಲಿ ಮಾತಾಗಿತ್ತು. ಆಳುಗಳಿಗೂ ಹೇಳಿಯಾಗಿತ್ತು. ನಾನು ಬೇಡವೆಂದೆ. ಬೇಕಿದ್ದರೆ ಪಂಪಿನ ಬದಿ ಮಾತ್ರ ತೆಗೆಸಿ ಎಂದೆ.

ಹನ್ನೊಂದು ಏಳಾಯಿತು, ಆಮೇಲೆ ನಾಲ್ಕು. ಫೆಬ್ರವರಿಯಲ್ಲಿ ಕಾಫಿ ಹೂವಿಗೆ ನೀರು ಹಾಯಿಸಲು ಪಂಪು ಚಾಲು ಮಾಡಿದ ದಿನ, ಆ ಸದ್ದಿಗೆ ಬೆಚ್ಚಿ ಜೊಂಡಿನಿಂದ ಐದು ವರಟೆಗಳು ಒಟ್ಟಿಗೆ ಎದ್ದವು. ತಾಯಿ ಯಾವುದು, ಮರಿ ಯಾವುದು ಗೊತ್ತೇ ಆಗಲಿಲ್ಲ. ಗದ್ದೆ ದಾಟಿ ಹಾರಿದವು.