ಆ ಹೆದರಿಕೆ ಯಾವ ವರ್ಷದ್ದು?

ಕೇಳುಗರೇ, ನಮಸ್ಕಾರ.

ನಮ್ಮ ಕೊಟ್ಟಿಗೆಯ ಅಟ್ಟದ ಮೇಲೆ ಒಂದು ಹೆಬ್ಬಾಗಿಲು ಇದೆ. ಹಲಸಿನ ಮರದ್ದು. ಚೌಕಟ್ಟಿನ ಸುತ್ತ ಬಳ್ಳಿಯ ಕೆತ್ತನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾಯಿತು. ಅದಕ್ಕೆ ಸ್ವಲ್ಪ ಮುಂಚೆ ಅಜ್ಜ, ಅದರ ನೀರಿನಲ್ಲಿ ಮುಳುಗಲಿದ್ದ ಶರಾವತಿ ದಂಡೆಯ ಮನೆ ಬಿಚ್ಚಿ, ಹಂಚು, ಕಂಬ, ಈ ಬಾಗಿಲು ಎಲ್ಲವನ್ನೂ ಲಾರಿಗೆ ಹೇರಿಕೊಂಡು ಶಿವಮೊಗ್ಗದ ಕಡೆ ಬಂದರು. ಹೊಸ ಮನೆಗೆ ಹಂಚು ಹೊದಿಸಿದರು, ಕಂಬ ನಿಲ್ಲಿಸಿದರು. ಬಾಗಿಲು ಮಾತ್ರ ಕೂರಿಸಲಿಲ್ಲ. "ಇನ್ನೊಂದ್ಸಲ ಎಬ್ಬಿಸಿದ್ರೆ ಇದನ್ನ ಕೀಳೋಕೆ ನನ್ನ ಕೈಲಿ ಆಗಲ್ಲ" ಅನ್ನುತ್ತಿದ್ದರಂತೆ.

ಆಗ ಅಪ್ಪನಿಗೆ ಹತ್ತು ವರ್ಷ. ಅಜ್ಜನ ಹೆದರಿಕೆ ಅಪ್ಪನಿಗೆ ಬಂತು. "ಭೂಮಿ ಮೇಲೆ ದುಡ್ಡು ಹಾಕ್ಬೇಡಿ, ನೌಕರಿ ಹಿಡೀರಿ." ನಾನೂ ತಮ್ಮನೂ ಇದನ್ನೇ ಕೇಳಿಕೊಂಡು ಬೆಳೆದೆವು. ನಾನು ಟೀಚರಾದೆ, ಅವನು ಬ್ಯಾಂಕು ಸೇರಿದ. ಆ ಮಾತಿನಿಂದ ನಮಗೆ ಕೆಟ್ಟದ್ದೇನೂ ಆಗಲಿಲ್ಲ. ಅದಕ್ಕೇ ಇರಬೇಕು, ಅದನ್ನು ನಾವು ಯಾವತ್ತೂ ತಿರುಗಿಸಿ ನೋಡಲಿಲ್ಲ.

ಹೋದ ವರ್ಷ ತಮ್ಮನ ಮಗಳು ಫೋನ್ ಮಾಡಿದಳು. "ಅತ್ತೆ, ಹೊಸನಗರದ ಹತ್ತಿರ ಎರಡು ಎಕರೆ ಅಡಿಕೆ ತೋಟ ಕೊಡೋದಿದೆಯಂತೆ. ತಗೊಂಡು ನಾನೇ ಮಾಡ್ಬೇಕು ಅಂತಿದೀನಿ. ಅಜ್ಜ ಬೇಡವೇ ಬೇಡ ಅಂತಾರೆ." ಅವಳ ಅಜ್ಜ ಅಂದರೆ ನಮ್ಮಪ್ಪ.

ನನ್ನ ಬಾಯಿಗೂ "ಬೇಡ ಮಗಾ" ಅಂತಲೇ ಬಂತು. ಹೇಳಿಯೂಬಿಟ್ಟೆ. ಫೋನ್ ಇಟ್ಟ ಮೇಲೆ ಸಂಕಟವಾಯಿತು. ನಾನು ತೋಟ ಮಾಡಿದವಳಲ್ಲ. ಭೂಮಿ ಕಳೆದುಕೊಂಡವಳೂ ಅಲ್ಲ. ಮತ್ತೆ ಯಾವ ಧೈರ್ಯದ ಮೇಲೆ ಆ ಹುಡುಗಿಗೆ ಬೇಡ ಅಂದೆ?

ಆ ಭಾನುವಾರ ಅಪ್ಪನ ಹತ್ತಿರ ಹೋಗಿ ಕೂತೆ. ಮಳೆಗಾಲದಲ್ಲಿ ಅಪ್ಪ ದಿನಾ ಪೇಪರಿನಲ್ಲಿ ಲಿಂಗನಮಕ್ಕಿಯ ನೀರಿನ ಮಟ್ಟ ನೋಡುತ್ತಾರೆ. ನೋಡಿ, ಕ್ಯಾಲೆಂಡರಿನ ಆ ತಾರೀಖಿನ ಮನೆಯಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ. ಗರಿಷ್ಠ ಮಟ್ಟ 1819 ಅಡಿ. ಆ ಅಂಕಿ ಹತ್ತಿರ ಬಂದಂತೆಲ್ಲ ಅಪ್ಪ ಮಾತು ಕಡಿಮೆ ಮಾಡುತ್ತಾರೆ. ನಾನು ಕೇಳಿದೆ: "ಅಪ್ಪಾ, ನೀನು ಕಣ್ಣಾರೆ ಕಂಡಿದ್ದು ಏನು?"

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, ನೀರು ಏರಿದ್ದನ್ನು ಅವರು ನೋಡೇ ಇಲ್ಲವಂತೆ. ಅಷ್ಟರಲ್ಲಿ ಊರು ಬಿಟ್ಟಾಗಿತ್ತು. ಕಂಡದ್ದು ಬೇರೆ. ಅಜ್ಜ ಕೈಚೀಲದಲ್ಲಿ ಕಾಗದ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದಿದ್ದು. ಹೊಸ ಜಾಗಕ್ಕೆ ಹಕ್ಕುಪತ್ರ ಸಿಗದೆ ಸಂಜೆ ಬರಿಗೈಲಿ ವಾಪಸ್ ಬರುತ್ತಿದ್ದದ್ದು. ಶರಾವತಿ ಮುಳುಗಡೆಯವರ ಹಕ್ಕುಪತ್ರದ ಗೋಳು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ ಅಲ್ವಾ? ಅಂದರೆ ಅಪ್ಪನಿಗೆ ಹೆದರಿಕೆ ಇದ್ದದ್ದು ಭೂಮಿಯ ಮೇಲಲ್ಲ, ಕಾಗದ ಇಲ್ಲದ ಭೂಮಿಯ ಮೇಲೆ. ಅರವತ್ತು ವರ್ಷದಲ್ಲಿ "ಕಾಗದ ನೋಡು" ಅನ್ನೋದು ಕಳಚಿಹೋಗಿ, "ಬೇಡ" ಅನ್ನೋದು ಮಾತ್ರ ಉಳಿದಿತ್ತು.

ಮಂಗನ ಕಾಯಿಲೆಯ ವಿಷಯದಲ್ಲೂ ಹೀಗೇ ಆಗಿದ್ದನ್ನು ನೋಡಿದ್ದೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಇವತ್ತಿಗೂ ಹಳ್ಳಿಗಳಲ್ಲಿ ಎರಡು ಬುದ್ಧಿಮಾತು ಕೇಳುತ್ತೇವೆ. ಒಂದು, ಬೇಸಿಗೆಯಲ್ಲಿ ಕಾಡಿಗೆ ಕಾಲಿಡಬೇಡ. ಇನ್ನೊಂದು, ಕಾಯಿಲೆ ಬಂದವರ ಮನೆ ಕಡೆ ಹೋಗಬೇಡ. ಮೊದಲನೆಯದರಲ್ಲಿ ಹುರುಳಿದೆ. ಕಾಯಿಲೆ ಹರಡುವುದು ಉಣುಗು ಕಚ್ಚಿ. ಅದರ ಕಾಟ ಜಾಸ್ತಿ ಇರುವುದೂ ಚಳಿಗಾಲದಿಂದ ಬೇಸಿಗೆ ಮುಗಿಯುವ ತನಕ. ಆದರೆ ಒಣಗಿದ ಎಲೆಯ ದರಗು, ಸೌದೆ ತರಲೇಬೇಕಾದವರಿಗೆ ಬರೀ "ಹೋಗಬೇಡ" ಅಂದರೆ ಏನು ಪ್ರಯೋಜನ? ಅವರಿಗೆ ಬೇಕಾದದ್ದು, ಉಣುಗು ಹತ್ತಿರ ಬರದ ಹಾಗೆ ಮಾಡುವ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು ಹೋಗು, ಮೈತುಂಬ ಬಟ್ಟೆ ಹಾಕಿಕೋ, ಬಂದ ಕೂಡಲೇ ಬಿಸಿನೀರು ಸೋಪು ಹಾಕಿ ಸ್ನಾನ ಮಾಡು, ಮಂಗ ಸತ್ತ ಜಾಗದ ದರಗು ತರಬೇಡ ಅನ್ನುವ ಮಾತು. ಎರಡನೆಯ ಬುದ್ಧಿಮಾತು ಮಾತ್ರ ಬರೀ ಹೆದರಿಕೆ. ಆ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಜ್ವರದಲ್ಲಿ ಮಲಗಿದವರ ಹತ್ತಿರ ಒಂದು ಲೋಟ ಗಂಜಿ ಕೊಡುವವರೂ ಹೋಗದ ಹಾಗೆ ಮಾಡಿದ್ದು ಇದೇ ಮಾತು. ನನಗೆ ಇದು ಇವತ್ತಿಗೂ ಹೊಟ್ಟೆಯಲ್ಲಿ ಚುಚ್ಚುತ್ತದೆ.

ತಮ್ಮನ ಮಗಳಿಗೆ ಮತ್ತೆ ಫೋನ್ ಮಾಡಿದೆ. ನಾನು ಬೇಡ ಅಂದಿದ್ದು ತಪ್ಪಾಯಿತು ಅಂದೆ. ಅಜ್ಜನ ಹೆದರಿಕೆಯಲ್ಲಿರುವ ನಿಜ ಇಷ್ಟು, ಪಹಣಿ ತೆಗೆಸು, ಸರ್ವೆ ಮಾಡಿಸು ಅಂತ ಹೇಳಿದೆ. ಅಜ್ಜನಿಗೆ ಗೊತ್ತೇ ಇಲ್ಲದ ಭಯಗಳೂ ಇವೆ, ಅದನ್ನು ಈಗ ತೋಟ ಮಾಡುತ್ತಿರುವವರ ಹತ್ತಿರ ಕೇಳು ಅಂದೆ. ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ, ಮಳೆ ನಡುವೆ ಔಷಧಿ ಹೊಡೆಯೋಕೆ ಜನ ಸಿಗದೆ ಇರೋದು. ಅಪ್ಪ ಅಣೆಕಟ್ಟಿನ ಕಡೆಗೇ ಮುಖ ಮಾಡಿ ಕಾವಲು ಕೂತಿದ್ದರು. ಇವೆಲ್ಲ ಬೆನ್ನ ಹಿಂದಿನಿಂದ ಬಂದವು.

ಅವಳು ಕಾಗದ ತೆಗೆಸಿದಳು. ಎರಡು ಎಕರೆ ಅಂದಿದ್ದರಲ್ಲ, ಪಹಣಿಯಲ್ಲಿ ಇದ್ದದ್ದು ಒಂದೂವರೆ. ಉಳಿದ ಅರ್ಧ ಒತ್ತುವರಿ. ಆ ತೋಟ ಬಿಟ್ಟಳು.

ಈಗ ಇನ್ನೊಂದು ನೋಡುತ್ತಿದ್ದಾಳೆ. ಹೋದ ತಿಂಗಳು ಅಪ್ಪನೂ ಜೊತೆಗೆ ಹೋಗಿದ್ದರು. ಬಂದು ಚಪ್ಪಲಿ ಬಿಡುತ್ತಲೇ ನನಗೆ ಹೇಳಿದರು: "ಹೊಳೆ ತೀರಾ ಹತ್ತಿರ ಇದೆ ಕಣೇ." ಸ್ವಲ್ಪ ತಡೆದು, "ತೋಟಕ್ಕೆ ನೀರಿಗೇನೂ ತೊಂದರೆ ಇಲ್ಲ" ಅಂದರು.

ನಮಸ್ಕಾರ.